ಊರಿನ ಮ್ಯೂಸಿಯಂಗೆ ಸರಿಯುವ ಗೋಡೆಯಷ್ಟೇ ಸಾಕೇ?

ವಾಸ್ತುಶಿಲ್ಪ ಪದವಿಯ ಅಂತಿಮ ವರ್ಷದಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ಕಟ್ಟಡವನ್ನು ನಿವೇಶನದ ಆಯ್ಕೆಯಿಂದ ಹಿಡಿದು ಕಿಟಕಿಯ ಚೌಕಟ್ಟಿನವರೆಗೆ ಸ್ವತಂತ್ರವಾಗಿ ವಿನ್ಯಾಸಗೊಳಿಸಬೇಕು. ಆಸ್ಪತ್ರೆ, ಬಸ್ ನಿಲ್ದಾಣ, ಕ್ರೀಡಾಂಗಣ, ಐಟಿ ಕಚೇರಿಗಳ ಜತೆಗೆ ಈ ಪಟ್ಟಿಯಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವ ವಿಷಯವೊಂದಿದೆ. ಅದು ಸಮುದಾಯ ವಸ್ತುಸಂಗ್ರಹಾಲಯ. ಅದಕ್ಕೊಂದು ವಿಶೇಷಣವೂ ಅಂಟಿಕೊಂಡಿರುತ್ತದೆ: ‘ಹೊಂದಿಕೊಳ್ಳುವ’. ಅಂದರೆ ಇಂದು ಪ್ರದರ್ಶನ, ನಾಳೆ ಸಭೆ, ನಾಡಿದ್ದು ಮಕ್ಕಳ ಶಿಬಿರ. ಅಗತ್ಯ ಬದಲಾದಂತೆ ಕಟ್ಟಡವೂ ಬದಲಾಗಬೇಕು ಎಂಬ ಆಶಯ.

ಮೌಲ್ಯಮಾಪನದ ದಿನ ಗೋಡೆಗೆ ಅಂಟಿಸಿದ ನಕ್ಷೆಗಳಲ್ಲಿ ಈ ಆಶಯ ಸಾಮಾನ್ಯವಾಗಿ ಒಂದೇ ರೂಪ ತಾಳುತ್ತದೆ. ದೊಡ್ಡದೊಂದು ಖಾಲಿ ಸಭಾಂಗಣ, ಅದರೊಳಗೆ ಚುಕ್ಕೆ ಗೆರೆಗಳಲ್ಲಿ ತೋರಿಸಿದ ಸರಿಯುವ ಗೋಡೆಗಳು, ಅವು ಎತ್ತ ಚಲಿಸುತ್ತವೆಂದು ಸೂಚಿಸುವ ಬಾಣಗಳು. ನೋಡಲು ಚೆನ್ನ. ಆದರೆ ತೀರ್ಪುಗಾರರ ಸಾಲಿನಲ್ಲಿರುವ ಹಿರಿಯರೊಬ್ಬರು ಆ ಬಾಣದ ಮೇಲೆ ಬೆರಳಿಟ್ಟು ‘ಈ ಗೋಡೆಯನ್ನು ಸರಿಸುವವರು ಯಾರಮ್ಮಾ?’ ಎಂದು ಕೇಳಿದೊಡನೆ ವಿವರಣೆ ತಡವರಿಸತೊಡಗುತ್ತದೆ.

ಇದು ಕಾಲೇಜಿನ ಅಂಕಗಳಿಗೆ ಮಾತ್ರ ಸೀಮಿತವಾದ ವಿಚಾರವಲ್ಲ. ಬಯಲಾಟದ ಮರದ ಕಿರೀಟ, ಕಂಚುಗಾರನ ಅಚ್ಚು, ನೇಕಾರನ ಲಾಳಿ, ಅಜ್ಜಿಯ ಬೀಸುಕಲ್ಲು ಇವೆಲ್ಲ ನಮ್ಮ ಊರುಗಳಿಂದ ಗುಜರಿ ಅಂಗಡಿಗೋ ಹಳೆಯ ವಸ್ತುಗಳ ವ್ಯಾಪಾರಿಗೋ ದಾಟಿ ಹೋಗುತ್ತಿವೆ. ಅವನ್ನು ಊರಿನಲ್ಲಿಯೇ ಉಳಿಸಿಕೊಳ್ಳಲು ಜಿಲ್ಲಾ ಕೇಂದ್ರದ ಸರ್ಕಾರಿ ಮ್ಯೂಸಿಯಂಗಿಂತ ಚಿಕ್ಕದಾದ, ಊರವರೇ ನಡೆಸಬಲ್ಲ ಕಟ್ಟಡಗಳು ಬೇಕು. ಇಂದು ನಕ್ಷೆ ಬರೆಯುತ್ತಿರುವವರೇ ನಾಳೆ ಅವನ್ನು ಕಟ್ಟುವವರು. ಹೀಗಾಗಿ ‘ಹೊಂದಿಕೊಳ್ಳುವುದು’ ಎಂಬ ಮಾತನ್ನು ಅವರು ಹೇಗೆ ಅರ್ಥ ಮಾಡಿಕೊಳ್ಳುತ್ತಾರೆ ಎಂಬುದು ನಮಗೂ ಸಂಬಂಧಿಸಿದ ಸಂಗತಿ.

ಖಾಲಿ ಜಾಗ ನಮಗೆ ಹೊಸತಲ್ಲ

ಏನು ಬೇಕಾದರೂ ನಡೆಸಬಹುದಾದ ಕಟ್ಟಡ ನಮ್ಮಲ್ಲಿ ಈಗಾಗಲೇ ಊರೂರಿಗೂ ಇದೆ. ಅದರ ಹೆಸರು ಸಮುದಾಯ ಭವನ. ಒಂದು ಉದ್ದನೆಯ ಹಾಲ್, ತುದಿಯಲ್ಲೊಂದು ವೇದಿಕೆ, ಹಿಂದೆ ಅಡುಗೆಮನೆ, ಮೇಲೆ ಸಾಲಾಗಿ ಫ್ಯಾನ್‌ಗಳು. ಮದುವೆ, ನಾಮಕರಣ, ಆರೋಗ್ಯ ಶಿಬಿರ, ಚುನಾವಣೆ ಬಂದರೆ ಮತಗಟ್ಟೆ. ಹೊಂದಿಕೊಳ್ಳುವ ಕಟ್ಟಡಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ. ಆದರೆ ಅಲ್ಲಿ ಒಂದು ಛಾಯಾಚಿತ್ರವನ್ನು ಮೂರು ತಿಂಗಳು ತೂಗುಹಾಕಿಡಲು ಸಾಧ್ಯವೇ? ಮೊಳೆ ಹೊಡೆಯಲು ಗುತ್ತಿಗೆದಾರ ಬಿಡುವುದಿಲ್ಲ, ಬಿಟ್ಟರೂ ಮುಂದಿನ ಮದುವೆಯ ಶಾಮಿಯಾನದವರು ಅದನ್ನು ಕಿತ್ತಿಡುತ್ತಾರೆ. ವಸ್ತುಗಳನ್ನು ಬೀಗ ಹಾಕಿಡುವ ಕೋಣೆಯಿಲ್ಲ. ಕಾರ್ಯಕ್ರಮವಿಲ್ಲದ ದಿನ ಕಟ್ಟಡಕ್ಕೇ ಬೀಗ.

ಎಲ್ಲ ಉಪಯೋಗಕ್ಕೂ ತೆರೆದಿಟ್ಟ ಜಾಗವನ್ನು ಹೆಚ್ಚು ಬಲವುಳ್ಳ ಒಂದು ಉಪಯೋಗ ಬಂದು ಆಕ್ರಮಿಸಿಕೊಳ್ಳುತ್ತದೆ ಎಂಬುದಕ್ಕೆ ಸಮುದಾಯ ಭವನವೇ ಸಾಕ್ಷಿ. ನಮ್ಮಲ್ಲಿ ಆ ಬಲ ಮದುವೆಗೆ ಸೇರಿದ್ದು, ಬಾಡಿಗೆ ಕೊಡುವುದು ಅದೊಂದೇ. ಮ್ಯೂಸಿಯಂ ವಿನ್ಯಾಸಕ್ಕೆ ಕುಳಿತ ವಿದ್ಯಾರ್ಥಿ ಗ್ರಂಥಾಲಯಕ್ಕೆ ಹೋಗುವ ಮೊದಲು ತನ್ನೂರಿನ ಸಮುದಾಯ ಭವನದಲ್ಲಿ ಒಂದು ದಿನ ಕುಳಿತು ಬಂದರೆ ಲೇಸು.

ಸಿನಿಮಾ ಮಂದಿರದಲ್ಲಿ ಆರಂಭವಾದ ಮ್ಯೂಸಿಯಂ

‘ಸಮುದಾಯ’ ಎಂಬ ಪದ ಮ್ಯೂಸಿಯಂ ಜತೆ ಸೇರಿಕೊಂಡದ್ದು ಬಹಳ ಹಿಂದೇನಲ್ಲ. ಅಮೆರಿಕದ ರಾಜಧಾನಿ ವಾಷಿಂಗ್ಟನ್‌ನಲ್ಲಿ ಸ್ಮಿತ್‌ಸೋನಿಯನ್ ಸಂಸ್ಥೆಯ ಭವ್ಯ ವಸ್ತುಸಂಗ್ರಹಾಲಯಗಳು ಸಾಲುಗಟ್ಟಿ ನಿಂತಿದ್ದರೂ ನದಿಯಾಚೆಯ ಅನಕಾಸ್ಟಿಯಾ ಬಡಾವಣೆಯ ಕಪ್ಪು ಜನರಿಗೆ ಅವು ದೂರದ ಲೋಕವಾಗಿದ್ದವು. ಜನ ಮ್ಯೂಸಿಯಂಗೆ ಬಾರದಿದ್ದರೆ ಮ್ಯೂಸಿಯಂ ಜನರಲ್ಲಿಗೆ ಹೋಗಲಿ ಎಂಬ ಆಲೋಚನೆಯಿಂದ 1967ರ ಸೆಪ್ಟೆಂಬರ್‌ನಲ್ಲಿ ಆ ಬಡಾವಣೆಯ ಹಳೆಯ ಕಾರ್ವರ್ ಸಿನಿಮಾ ಮಂದಿರದಲ್ಲಿಯೇ ಒಂದು ಮ್ಯೂಸಿಯಂ ತೆರೆಯಲಾಯಿತು. ಅದರ ಮೊದಲ ನಿರ್ದೇಶಕ ಜಾನ್ ಕಿನಾರ್ಡ್ ಕಲಾ ಇತಿಹಾಸದ ಪಂಡಿತರಲ್ಲ. ಚರ್ಚ್ ಹಾಗೂ ಯುವಜನರ ನಡುವೆ ಕೆಲಸ ಮಾಡಿ ಬಂದವರು.

ಆ ಮ್ಯೂಸಿಯಂನ ಪ್ರಸಿದ್ಧ ಪ್ರದರ್ಶನ 1969ರಲ್ಲಿ ಏರ್ಪಟ್ಟಿತು. ವಿಷಯ: ಇಲಿ. ಬಡಾವಣೆಯ ಮನೆಗಳಲ್ಲಿ ಇಲಿಗಳ ಕಾಟ ಮಿತಿಮೀರಿತ್ತು, ಮಕ್ಕಳು ಅದರ ಬಗ್ಗೆಯೇ ಮಾತನಾಡುತ್ತಿದ್ದರು. ಇಲಿಯ ಚರಿತ್ರೆ, ಅದು ತರುವ ರೋಗ, ಅದನ್ನು ತಡೆಯುವ ಬಗೆ ಎಲ್ಲವನ್ನೂ ತೋರಿಸಲಾಯಿತು. ಜೀವಂತ ಇಲಿಗಳನ್ನೂ ಪ್ರದರ್ಶನದಲ್ಲಿ ಇರಿಸಲಾಗಿತ್ತು. ಅಪರೂಪದ ಶಿಲ್ಪ, ಅರಸನ ಖಡ್ಗ ಯಾವುದೂ ಅಲ್ಲಿರಲಿಲ್ಲ. ಏನನ್ನು ತೋರಿಸಬೇಕು ಎಂಬುದು ಬಡಾವಣೆಯೊಳಗಿನಿಂದ ಬಂದಿತ್ತು ಎಂಬುದೇ ಅದರ ಹೆಚ್ಚುಗಾರಿಕೆ.

ವಾಸ್ತುಶಿಲ್ಪದ ವಿದ್ಯಾರ್ಥಿ ಇಲ್ಲಿ ಗಮನಿಸಬೇಕಾದದ್ದು ಕಟ್ಟಡವನ್ನು. ಸಿನಿಮಾ ಮಂದಿರದಲ್ಲಿ ಸರಿಯುವ ಗೋಡೆಗಳಿರಲಿಲ್ಲ. ಹೊಂದಿಕೊಳ್ಳುವ ಗುಣವಿದ್ದದ್ದು ಆಡಳಿತದಲ್ಲಿ. ನೆರೆಹೊರೆಯವರ ಸಮಿತಿ, ಬೇಗ ನಿರ್ಧರಿಸುವ ಅಧಿಕಾರ, ತಪ್ಪಾದರೆ ಬದಲಾಯಿಸುವ ಧೈರ್ಯ. ಆ ಸಂಸ್ಥೆ 1987ರಲ್ಲಿ ಬೇರೆಡೆಯ ಹೊಸ ಕಟ್ಟಡಕ್ಕೆ ಸ್ಥಳಾಂತರಗೊಂಡಿತು, 2006ರಲ್ಲಿ ತನ್ನ ಹೆಸರಿನಲ್ಲಿಯೇ ‘ಸಮುದಾಯ’ ಪದವನ್ನು ಸೇರಿಸಿಕೊಂಡಿತು.

ಮುಂದೆ 1972ರಲ್ಲಿ ಚಿಲಿ ದೇಶದ ಸ್ಯಾಂಟಿಯಾಗೊದಲ್ಲಿ ಯುನೆಸ್ಕೊ ಏರ್ಪಡಿಸಿದ್ದ ದುಂಡುಮೇಜಿನ ಸಭೆ ಮ್ಯೂಸಿಯಂಗಳು ಸಮಾಜದ ಸೇವೆಗೆ ಬರಬೇಕೆಂದು ಸಾರಿತು. ಅಂತಾರಾಷ್ಟ್ರೀಯ ಮ್ಯೂಸಿಯಂ ಮಂಡಳಿ 2022ರಲ್ಲಿ ಪ್ರಾಗ್ ನಗರದಲ್ಲಿ ಅಂಗೀಕರಿಸಿದ ಹೊಸ ವ್ಯಾಖ್ಯೆಯಲ್ಲಂತೂ ಸಮುದಾಯಗಳ ಸಹಭಾಗಿತ್ವದ ಮಾತು ನೇರವಾಗಿಯೇ ಸೇರಿದೆ. ವಿದ್ಯಾರ್ಥಿಗಳ ಪ್ರಬಂಧಗಳ ಮೊದಲ ಪುಟದಲ್ಲಿ ಈ ವ್ಯಾಖ್ಯೆ ತಪ್ಪದೇ ಬರುತ್ತದೆ; ಎರಡನೆಯ ಪುಟದಿಂದ ಮರೆತುಹೋಗುತ್ತದೆ.

ಪ್ಯಾರಿಸ್‌ನ ಕಂಬವಿಲ್ಲದ ಅಂತಸ್ತುಗಳು

ಹೊಂದಿಕೊಳ್ಳುವ ಕಟ್ಟಡ ಎಂದೊಡನೆ ವಿದ್ಯಾರ್ಥಿಗಳು ಮೊದಲು ಹೆಸರಿಸುವುದು ಪ್ಯಾರಿಸ್‌ನ ಪಾಂಪಿಡೂ ಕೇಂದ್ರವನ್ನು. 1971ರ ಸ್ಪರ್ಧೆಯಲ್ಲಿ ಬಂದ 681 ವಿನ್ಯಾಸಗಳ ಪೈಕಿ ರೆಂಜೊ ಪಿಯಾನೊ ಹಾಗೂ ರಿಚರ್ಡ್ ರಾಜರ್ಸ್ ಎಂಬ ತರುಣರ ತಂಡದ ಯೋಜನೆ ಆಯ್ಕೆಯಾಯಿತು. 1977ರ ಜನವರಿ ಅಂತ್ಯದಲ್ಲಿ ಕಟ್ಟಡ ಉದ್ಘಾಟನೆಗೊಂಡಿತು. ಅದರ ಪ್ರತಿಯೊಂದು ಅಂತಸ್ತೂ ಸುಮಾರು 48 ಮೀಟರ್ ಅಗಲಕ್ಕೆ ನಡುವೆ ಒಂದೂ ಕಂಬವಿಲ್ಲದೆ ಹರಡಿಕೊಂಡಿದೆ. ಒಳಗೆ ಅಡಚಣೆಯಾಗದಿರಲೆಂದು ಗಾಳಿಯ, ನೀರಿನ, ವಿದ್ಯುತ್ತಿನ ಕೊಳವೆಗಳನ್ನೂ ಜನ ಏರುವ ಎಸ್ಕಲೇಟರನ್ನೂ ಕಟ್ಟಡದ ಹೊರಮೈಗೆ ತಳ್ಳಿ, ಗಾಳಿಗೆ ನೀಲಿ, ನೀರಿಗೆ ಹಸಿರು, ವಿದ್ಯುತ್ತಿಗೆ ಹಳದಿ, ಜನಸಂಚಾರಕ್ಕೆ ಕೆಂಪು ಬಣ್ಣ ಬಳಿಯಲಾಯಿತು.

ಈ ಚಿತ್ರವನ್ನು ಎಲ್ಲರೂ ಪ್ರಬಂಧದಲ್ಲಿ ಅಂಟಿಸುತ್ತಾರೆ. ಅನಂತರ ನಡೆದದ್ದನ್ನು ಬರೆಯುವವರು ಕಡಿಮೆ. ತೆರೆದ ಅಂತಸ್ತಿನಲ್ಲಿ ಚಿತ್ರಕಲೆಯನ್ನು ನೆಮ್ಮದಿಯಾಗಿ ನೋಡುವುದು ಕಷ್ಟವೆನಿಸಿ, ಉದ್ಘಾಟನೆಯಾದ ಎಂಟೇ ವರ್ಷಗಳಲ್ಲಿ, 1985ರಲ್ಲಿ, ಇಟಲಿಯ ವಾಸ್ತುಶಿಲ್ಪಿ ಗೇ ಔಲೆಂಟಿ ಅವರು ಆಧುನಿಕ ಕಲಾ ಮ್ಯೂಸಿಯಂನ ಅಂತಸ್ತಿನಲ್ಲಿ ಗೋಡೆಗಳನ್ನು ಎಬ್ಬಿಸಿ ಸಾಂಪ್ರದಾಯಿಕ ಕೋಣೆಗಳನ್ನು ನಿರ್ಮಿಸಿದರು. ಗೋಡೆ ಬೇಕೆಂದಾಗ ಕಟ್ಟಲು ಸಾಧ್ಯವಾಯಿತಲ್ಲ, ಅದೇ ಹೊಂದಾಣಿಕೆಯ ಗುಣ ಎಂದು ವಾದಿಸುವವರೂ ಇದ್ದಾರೆ. ವಾದ ಸರಿಯೇ. ಆದರೆ 48 ಮೀಟರ್ ಉಕ್ಕಿನ ತೊಲೆಗೆ ತೆತ್ತ ಬೆಲೆಯ ಒಂದು ಭಾಗ ಯಾರೂ ಬಯಸದ ಸ್ವಾತಂತ್ರ್ಯಕ್ಕೆ ಸಂದಿತು ಎಂಬುದೂ ಅಷ್ಟೇ ನಿಜ. 1997ರಿಂದ 2000ದವರೆಗೆ ಒಮ್ಮೆ ನವೀಕರಣಗೊಂಡ ಆ ಕಟ್ಟಡವನ್ನು ಮತ್ತೊಂದು ದೊಡ್ಡ ನವೀಕರಣಕ್ಕಾಗಿ 2025ರಲ್ಲಿ ಸಂಪೂರ್ಣ ಮುಚ್ಚಲಾಗಿದ್ದು, 2030ರಲ್ಲಿ ತೆರೆಯುವ ಯೋಜನೆಯಿದೆ. ಫ್ರಾನ್ಸ್ ಸರ್ಕಾರ ಹೊರಬಲ್ಲ ಈ ವೆಚ್ಚವನ್ನು ನಮ್ಮ ಪುರಸಭೆಯೊಂದು ಹೊರುವುದೆಂತು?

ಇದಕ್ಕೆ ಎದುರಾಗಿ ನಿಲ್ಲುವ ಮತ್ತೊಂದು ಉದಾಹರಣೆ ಬ್ರೆಜಿಲ್‌ನ ಸಾವ್ ಪೌಲೊ ಕಲಾ ಮ್ಯೂಸಿಯಂ. 1968ರಲ್ಲಿ ತೆರೆದ ಈ ಕಟ್ಟಡದಲ್ಲಿ ವಾಸ್ತುಶಿಲ್ಪಿ ಲೀನಾ ಬೊ ಬಾರ್ಡಿ ಅವರು ಗೋಡೆಯ ಗೊಡವೆಗೇ ಹೋಗಲಿಲ್ಲ. ಕಾಂಕ್ರೀಟಿನ ಒಂದು ದಿಮ್ಮಿ, ಅದರಲ್ಲಿ ನೆಟ್ಟಗೆ ನಿಲ್ಲಿಸಿದ ಗಾಜು, ಗಾಜಿಗೆ ತಗುಲಿಸಿದ ಚಿತ್ರ. ಬೇಕಾದಲ್ಲಿ ನಿಲ್ಲಿಸಬಹುದಾದ ಪೀಠೋಪಕರಣವೇ ಮ್ಯೂಸಿಯಂ ಆಯಿತು. 1996ರಲ್ಲಿ ಬಂದ ಆಡಳಿತ ಅವನ್ನು ತೆಗೆದುಹಾಕಿ ಗೋಡೆಗಳನ್ನು ತಂದಿತು. 2015ರಲ್ಲಿ ಅವು ಮರಳಿ ಬಂದವು. ಕಟ್ಟಡ ಅದೇ, ಆಡಳಿತ ಮಾತ್ರ ಬೇರೆ.

ಒಂದೇ ನಗರ, ಎರಡು ಮ್ಯೂಸಿಯಂ

ವಿದೇಶಗಳನ್ನು ಬಿಟ್ಟು ನಮ್ಮ ದೇಶಕ್ಕೆ ಬರೋಣ. ಅಹಮದಾಬಾದ್‌ನಲ್ಲಿ ಸಬರಮತಿ ನದಿಯ ಒಂದೇ ದಡದಲ್ಲಿ, ಕೆಲವೇ ವರ್ಷಗಳ ಅಂತರದಲ್ಲಿ ನಿರ್ಮಾಣವಾದ ಎರಡು ಮ್ಯೂಸಿಯಂಗಳಿವೆ. ಎರಡರ ಮೂಲ ಆಶಯವೂ ಒಂದೇ: ಮುಂದೆ ಬೆಳೆಯಬಲ್ಲ ಕಟ್ಟಡ.

ಮೊದಲನೆಯದು ಪಾಲ್ಡಿ ಪ್ರದೇಶದಲ್ಲಿರುವ ಸಂಸ್ಕಾರ ಕೇಂದ್ರ. ವಿಶ್ವವಿಖ್ಯಾತ ಲಿ ಕಾರ್ಬೂಸಿಯೆ ಅವರ ವಿನ್ಯಾಸ. 1954ರಲ್ಲಿ ಶಂಕುಸ್ಥಾಪನೆಯಾಗಿ 1957ರಲ್ಲಿ ಪೂರ್ಣಗೊಂಡಿತು. ‘ಅನಂತವಾಗಿ ಬೆಳೆಯುವ ಮ್ಯೂಸಿಯಂ’ ಎಂಬುದು 1930ರ ದಶಕದಿಂದಲೂ ಅವರನ್ನು ಕಾಡಿದ ಕಲ್ಪನೆ. ಶಂಖದ ಹುಳು ತನ್ನ ಚಿಪ್ಪನ್ನು ಸುರುಳಿಯಾಗಿ ಬೆಳೆಸುತ್ತ ಹೋಗುವಂತೆ, ಚೌಕಾಕಾರದ ಸುರುಳಿಯ ಹೊರ ಅಂಚಿಗೆ ಹೊಸ ಭಾಗಗಳನ್ನು ಸೇರಿಸುತ್ತ ಹೋಗಬೇಕು. ಅಹಮದಾಬಾದ್, ಟೋಕಿಯೊ, ಚಂಡೀಗಢ ಮೂರೂ ಕಡೆ ಅವರು ಈ ಕಲ್ಪನೆಯನ್ನು ಅಳವಡಿಸಿದರು. ಅಹಮದಾಬಾದ್‌ನ ಕಟ್ಟಡ ಕಂಬಗಳ ಮೇಲೆ ನಿಂತ ಇಟ್ಟಿಗೆಯ ಚೌಕ ಪೆಟ್ಟಿಗೆ. ಆದರೆ ಸುರುಳಿ ಮುಂದೆ ಒಂದು ಸುತ್ತೂ ಬೆಳೆಯಲಿಲ್ಲ.

ಏಕೆ? ನಕ್ಷೆಯನ್ನು ನೋಡಿದರೆ ಕಾರಣ ಊಹಿಸುವುದು ಕಷ್ಟವಲ್ಲ. ಹೊರಸುತ್ತಿಗೆ ಏನಾದರೂ ಸೇರಿಸಬೇಕೆಂದರೆ ಈಗಿರುವ ಮುಖ ಮುಚ್ಚಿಹೋಗಬೇಕು. ನೆಲದಿಂದ ಎತ್ತಿ ನಿಲ್ಲಿಸಿದ ಅದೇ ಬಗೆಯ ಕಂಬ, ಅದೇ ತೊಲೆ, ಅದೇ ಚಾವಣಿ ಬೇಕು. ಪರಿಣತ ಎಂಜಿನಿಯರ್, ಭಾರಿ ಹಣ ಎರಡೂ ಒಟ್ಟಿಗೆ ಒದಗಬೇಕು. ಪೆಟ್ಟಿಗೆಯಂತೆ ಪೂರ್ಣಗೊಂಡು ನಿಂತ ಕಟ್ಟಡವನ್ನು ಕಂಡವರಾರಿಗೂ ‘ಇದಕ್ಕಿನ್ನೊಂದು ಕೋಣೆ ಸೇರಿಸೋಣ’ ಎನಿಸುವುದಿಲ್ಲ.

ಎರಡನೆಯದು ಸಬರಮತಿ ಆಶ್ರಮದೊಳಗಿನ ಗಾಂಧಿ ಸ್ಮಾರಕ ಸಂಗ್ರಹಾಲಯ. 1958ರಲ್ಲಿ ಈ ಕೆಲಸ ಕೈಗೆತ್ತಿಕೊಂಡಾಗ ಚಾರ್ಲ್ಸ್ ಕೊರಿಯಾ ಅವರಿಗೆ 28ರ ಪ್ರಾಯ. ಇಂದಿನ ಅಂತಿಮ ವರ್ಷದ ವಿದ್ಯಾರ್ಥಿಗಿಂತ ಐದಾರು ವರ್ಷ ದೊಡ್ಡವರು, ಅಷ್ಟೆ. 1963ರ ಮೇ ತಿಂಗಳಿನಲ್ಲಿ ಪ್ರಧಾನಿ ಜವಾಹರಲಾಲ್ ನೆಹರೂ ಅದನ್ನು ಉದ್ಘಾಟಿಸಿದರು. ಇಲ್ಲಿ ಸುರುಳಿಯಿಲ್ಲ, ಎಂಜಿನಿಯರಿಂಗ್ ಸಾಹಸವಿಲ್ಲ. 6 ಮೀಟರ್ ಉದ್ದ, 6 ಮೀಟರ್ ಅಗಲದ ಒಂದು ಚೌಕ ಘಟಕ: ನಾಲ್ಕು ಮೂಲೆಗೆ ಇಟ್ಟಿಗೆಯ ಕಂಬ, ಮೇಲೆ ಹೆಂಚಿನ ಚಾವಣಿ, ಕೆಳಗೆ ಕಲ್ಲುಹಾಸು. ಕಂಬಗಳನ್ನು ಜೋಡಿಸುವ ಕಾಂಕ್ರೀಟ್ ತೊಲೆಗಳು ತೊಟ್ಟಿಯಾಕಾರದಲ್ಲಿದ್ದು ಮಳೆನೀರನ್ನೂ ಸಾಗಿಸುತ್ತವೆ. ಈ ಘಟಕವೇ ಮತ್ತೆ ಮತ್ತೆ ಬಂದು ಇಡೀ ಸಂಗ್ರಹಾಲಯವಾಗಿದೆ. ಕೆಲವು ಘಟಕಗಳಿಗೆ ಗೋಡೆಯಿದ್ದು ಅವು ಪತ್ರ, ಪುಸ್ತಕ, ಚಿತ್ರಗಳನ್ನಿಡುವ ಕೋಣೆಗಳಾಗಿವೆ. ಹೆಚ್ಚಿನವು ತೆರೆದ ಮೊಗಸಾಲೆಗಳು. ನಡುವೆ ಒಂದು ನೀರಿನ ಅಂಗಳ. ಗಾಜಿನ ಕಿಟಕಿಗಳಿಲ್ಲ, ಬೆಳಕು, ಗಾಳಿಯನ್ನು ಮರದ ಪಟ್ಟಿಗಳು ನಿಯಂತ್ರಿಸುತ್ತವೆ.

ಹೊಸ ಘಟಕ ಬೇಕೆಂದರೆ ನಾಲ್ಕು ಕಂಬ ಎಬ್ಬಿಸಿದರಾಯಿತು. ಹಳೆಯದ್ದರ ಮುಖ ಮುಚ್ಚುವುದಿಲ್ಲ, ಊರಿನ ಗಾರೆ ಕೆಲಸದವರಿಗೆ ಹೊಸ ವಿದ್ಯೆ ಬೇಕಿಲ್ಲ. ಮೊದಲಿನಿಂದಲೂ ಅಂಚು ಏರುಪೇರಾಗಿರುವುದರಿಂದ ಇನ್ನೊಂದು ಸೇರಿದರೂ ವಿಕಾರ ಕಾಣದು. ಸಂಸ್ಕಾರ ಕೇಂದ್ರ ಬೆಳೆಯುವ ಸಿದ್ಧಾಂತವನ್ನು ಹೇಳಿದರೆ, ಗಾಂಧಿ ಸಂಗ್ರಹಾಲಯ ಬೆಳೆಯುವ ವಿಧಾನವನ್ನು ಹೇಳಿಕೊಟ್ಟಿತು.

ಇದು ನಮ್ಮವರಿಗೆ ಅಪರಿಚಿತ ವಿಧಾನವಲ್ಲ. ಉತ್ತರ ಕರ್ನಾಟಕದ ಹಳೆಯ ಮನೆಗಳನ್ನು ಇಂದಿಗೂ ಅಂಕಣದ ಲೆಕ್ಕದಲ್ಲಿ ಹೇಳುತ್ತಾರೆ. (ಪತ್ರಿಕೆಯ ಅಂಕಣವಲ್ಲ, ನಾಲ್ಕು ಕಂಬಗಳ ನಡುವಣ ಜಾಗ.) ಆರಂಕಣದ ಮನೆ, ಎಂಟಂಕಣದ ಮನೆ ಎಂದರೆ ಅಳತೆ, ಅಂತಸ್ತು ಎರಡೂ ತಿಳಿಯುತ್ತಿತ್ತು. ಮಗನಿಗೆ ಮದುವೆಯಾದರೆ ಎರಡಂಕಣ ಹೆಚ್ಚುತ್ತಿತ್ತು. ದನಗಳಿಗೆ ಒಂದಂಕಣ, ಕಾಳಿನ ಚೀಲಕ್ಕೊಂದಂಕಣ. ವರ್ಷ ಉರುಳಿದಂತೆ ಅದೇ ಅಂಕಣ ಮಲಗುವ ಕೋಣೆಯಾಗುತ್ತಿತ್ತು.

ಇಳಕಲ್ಲಿನಲ್ಲಿ ಕಟ್ಟುವುದಾದರೆ

ಮಾತು ಗಾಳಿಯಲ್ಲಿ ತೇಲಬಾರದು. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನಲ್ಲಿ ನೇಕಾರರಿಗಾಗಿ ಒಂದು ಮ್ಯೂಸಿಯಂ ವಿನ್ಯಾಸಗೊಳಿಸಲು ವಿದ್ಯಾರ್ಥಿನಿಯೊಬ್ಬಳು ಹೊರಟಿದ್ದಾಳೆ ಎಂದಿಟ್ಟುಕೊಳ್ಳೋಣ. ಭೌಗೋಳಿಕ ಸೂಚಿಕೆಯ ಮನ್ನಣೆ ಪಡೆದ ಇಳಕಲ್ ಸೀರೆಯ ವೈಶಿಷ್ಟ್ಯವೆಂದರೆ ಮೈಯ ಹಾಸಿಗೆ ಸೆರಗಿನ ರೇಷ್ಮೆ ಹಾಸನ್ನು ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುವ ಕಲೆ. ಅವಳ ಮುಂದೆ ಬರುವ ಪ್ರಶ್ನೆಗಳನ್ನು ನೋಡಿದರೆ ‘ಹೊಂದಿಕೊಳ್ಳುವುದು’ ಎಂಬ ಪದ ಎಷ್ಟು ತೊಡಕಿನದೆಂದು ಅರಿವಾಗುತ್ತದೆ.

ಮೊದಲು ಅಳತೆ. ಒಂಬತ್ತು ಗಜದ ಸೀರೆಯನ್ನು ಪೂರ್ತಿ ಬಿಡಿಸಿದರೆ 8.2 ಮೀಟರ್ ಉದ್ದ. ಕಂಬದಿಂದ ಕಂಬಕ್ಕೆ 4.5 ಮೀಟರ್ ಇಟ್ಟರೆ ಎರಡು ಅಂಕಣಗಳಲ್ಲಿ ಒಂದು ಸೀರೆ ಮಡಿಕೆಯಿಲ್ಲದೆ, ಕಂಬ ಅಡ್ಡ ಬಾರದೆ ಮೈಚಾಚುತ್ತದೆ. 4.5 ಮೀಟರ್ ಅಗಲಕ್ಕೆ ಚಾವಣಿ ಹಾಕಲು ಊರಿನ ಗುತ್ತಿಗೆದಾರನೇ ಸಾಕು. 8 ಅಂಕಣಗಳಿಂದ ಆರಂಭಿಸಿದರೆ ಸುಮಾರು 160 ಚದರ ಮೀಟರ್. ಶಾಸಕರ ನಿಧಿಯಿಂದಲೋ ದಾನಿಗಳಿಂದಲೋ ಹಣ ಬಂದಂತೆ 12, 16, 20 ಅಂಕಣಗಳವರೆಗೆ ಬೆಳೆಯಬಹುದು. ನಮ್ಮಲ್ಲಿ ಸಾರ್ವಜನಿಕ ಕಟ್ಟಡದ ಹಣ ಕಂತುಕಂತಾಗಿಯೇ ಬರುವುದರಿಂದ, ಅರ್ಧ ಕಟ್ಟಿದಾಗಲೂ ಪೂರ್ಣವೆನಿಸುವ ಗುಣ ಇಲ್ಲಿ ಬಹಳ ಬೆಲೆಬಾಳುತ್ತದೆ.

ಮುಂದಿನದು ನೆಲ. ಕುಣಿಮಗ್ಗದಲ್ಲಿ ನೇಕಾರ ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲಿಳಿಬಿಟ್ಟು ಕೂರುತ್ತಾನೆ. ಅಂದರೆ ಮಗ್ಗವನ್ನು ಗಾಲಿಯ ಮೇಲಿಟ್ಟು ಅತ್ತಿತ್ತ ತಳ್ಳಲಾಗದು. ನುಣುಪಾದ ಟೈಲ್ಸ್ ಹಾಕಿದ ‘ಬಹುಪಯೋಗಿ’ ನೆಲದಲ್ಲಿ ಮಗ್ಗಕ್ಕೆ ಸ್ಥಾನವೇ ಇಲ್ಲ! ಇದಕ್ಕೆ ಉತ್ತರ ಮೊದಲೇ ನಾಲ್ಕಾರು ಕುಣಿಗಳನ್ನು ಕಟ್ಟಿಟ್ಟು, ಬಳಸದಿದ್ದಾಗ ಮೇಲೆ ಗಟ್ಟಿ ಹಲಗೆ ಮುಚ್ಚುವುದು. ಹಲಗೆ ಮುಚ್ಚಿದರೆ ಸಭೆ, ತೆಗೆದರೆ ನೇಯ್ಗೆ. ನಾಲ್ಕಾರು ಕಡೆ ನೆಲವನ್ನು ಶಾಶ್ವತವಾಗಿ ಹೀಗೆ ನಿಗದಿಪಡಿಸಿದ್ದರಿಂದಲೇ ಉಳಿದ ಜಾಗಕ್ಕೆ ಸ್ವಾತಂತ್ರ್ಯ ದೊರೆಯಿತು ಎಂಬುದನ್ನು ಗಮನಿಸಬೇಕು. ಇನ್ನು ಹಾಸನ್ನು ಬಿಡಿಸಿ ಹದಗೊಳಿಸಲು ಉದ್ದನೆಯ, ನೆರಳಿರುವ ಜಾಗ ಬೇಕು. ಕಟ್ಟಡದ ಒಂದು ಮಗ್ಗುಲಿಗೆ ಉದ್ದಕ್ಕೂ ಚಾಚಿದ ಪಡಸಾಲೆ ಆ ಕೆಲಸಕ್ಕೂ, ಶಾಲಾ ಮಕ್ಕಳು ಬುತ್ತಿ ಬಿಚ್ಚಿ ಕೂರುವುದಕ್ಕೂ ಒದಗುತ್ತದೆ. ರಸ್ತೆಯಿಂದ ಪಡಸಾಲೆಗೆ ಮೆಟ್ಟಿಲ ಜತೆಗೆ ಇಳಿಜಾರು ದಾರಿಯೂ ಬೇಕು. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಎಂಬುದು ಗಾಲಿಕುರ್ಚಿಯ ಲೆಕ್ಕ. ವಯಸ್ಸಾದ ನೇಕಾರರ ಮೊಣಕಾಲಿನ ಲೆಕ್ಕವೂ ಬಹುಶಃ ಅದೇ.

ಅತಿ ಹೆಚ್ಚು ತೊಡಕಿರುವುದು ಬೆಳಕಿನಲ್ಲಿ. ಎಳೆಗೆ ಎಳೆ ಕೂಡಿಸುವ ಕಣ್ಣಿಗೆ ಪ್ರಖರ ಬೆಳಕು ಬೇಕು. 300 ಲಕ್ಸ್‌ಗಿಂತ ಕಡಿಮೆಯಾದರೆ ಕೆಲಸ ಸಾಗದು. ಆದರೆ ಹಳೆಯ ಸೀರೆಯ ಬಣ್ಣಕ್ಕೆ ಬೆಳಕೇ ಶತ್ರು. ಜವಳಿ ವಸ್ತುಗಳ ಮೇಲೆ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳಬಾರದೆಂಬುದು ವಿಶ್ವದೆಲ್ಲೆಡೆಯ ಸಂಗ್ರಹಾಲಯಗಳು ಒಪ್ಪಿಕೊಂಡಿರುವ ಮಿತಿ. ಬೆಳಕಿನ ಹಾನಿ ಕೂಡುತ್ತ ಹೋಗುವಂಥದ್ದು. ಕತ್ತಲಲ್ಲಿಟ್ಟರೆ ಮಾಸಿದ ಬಣ್ಣ ಮರಳಿ ಬರುವುದಿಲ್ಲ. ಮಗ್ಗವನ್ನೂ ಹಳೆಯ ಸೀರೆಯನ್ನೂ ಒಂದೇ ತೆರೆದ ಹಾಲ್‌ನಲ್ಲಿಟ್ಟು ನಡುವೆ ಸರಿಯುವ ಗೋಡೆ ನಿಲ್ಲಿಸಿದರೆ ಎರಡಕ್ಕೂ ಅನ್ಯಾಯ. ಆದ್ದರಿಂದ ಉತ್ತರದ ಬೆಳಕಿಗೆ ತೆರೆದ ಅಂಕಣಗಳು ಬೇರೆ, ದಪ್ಪ ಗೋಡೆಯ ಮಬ್ಬು ಅಂಕಣಗಳು ಬೇರೆ ಎಂದು ಮೊದಲೇ ತೀರ್ಮಾನವಾಗಬೇಕು. ಸುಡುಬಿಸಿಲಿನ ಆ ಸೀಮೆಯಲ್ಲಿ ಊರ ಸುತ್ತಲಿನ ಕಲ್ಲಿನ ದಪ್ಪ ಗೋಡೆ ಒಳಗಿನ ತಾಪವನ್ನೂ ಏರಿಳಿಯದಂತೆ ಕಾಯುತ್ತದೆ.

ಬೆಳಕಿನ ಮಿತಿಯಿಂದ ಮತ್ತೊಂದು ಪರಿಣಾಮವೂ ಉಂಟು. ಒಂದು ಸೀರೆಯನ್ನು ಕೆಲವು ತಿಂಗಳಷ್ಟೇ ಪ್ರದರ್ಶಿಸಿ ಒಳಗಿಡಬೇಕಾದ್ದರಿಂದ ಉಗ್ರಾಣ ದೊಡ್ಡದಿರಬೇಕು. ವಿದ್ಯಾರ್ಥಿಗಳ ನಕ್ಷೆಗಳಲ್ಲಿ ಉಗ್ರಾಣ ಮೆಟ್ಟಿಲ ಕೆಳಗಿನ ಕತ್ತಲ ಮೂಲೆಗೆ ಸೇರಿರುವುದೇ ಹೆಚ್ಚು. ವಾಸ್ತವವಾಗಿ ಪ್ರದರ್ಶನ ಬದಲಾಗುತ್ತಿರಬೇಕಾದ ಮ್ಯೂಸಿಯಂಗೆ ಉಗ್ರಾಣವೇ ಹೃದಯ. ಸೀರೆಗಳನ್ನು ಮಡಚದೆ ಕೊಳವೆಗೆ ಸುತ್ತಿಡಲು ಅಗಲವಾದ ಕಪಾಟು, ನುಸಿ ಗೆದ್ದಲು ಬಾರದ ನೆಲ, ಮೇಲೆ ನೀರಿನ ಕೊಳವೆ ಹಾಯದ ಚಾವಣಿ ಇಷ್ಟು ಇರಲೇಬೇಕು.

ಇವೆಲ್ಲದರ ಬಳಿಕ ಬರುವುದು ಸರಿಸಬಹುದಾದ ವಸ್ತುಗಳು. ಅಮೆರಿಕದ ಲೇಖಕ ಸ್ಟೂವರ್ಟ್ ಬ್ರ್ಯಾಂಡ್ 1994ರಲ್ಲಿ ಪ್ರಕಟಿಸಿದ ಕೃತಿಯೊಂದರಲ್ಲಿ ಕಟ್ಟಡವನ್ನು ಪದರಗಳಾಗಿ ಬಿಡಿಸಿ ತೋರಿಸಿದ್ದಾರೆ. ನಿವೇಶನ ಶಾಶ್ವತ, ಕಂಬ ತೊಲೆಗಳಿಗೆ ಹಲವು ದಶಕಗಳಿಂದ ಶತಮಾನಗಳ ಬಾಳಿಕೆ, ತಂತಿ ಕೊಳವೆಗಳಿಗೆ ಹೆಚ್ಚೆಂದರೆ ಹದಿನೈದು ವರ್ಷ, ಒಳಗಿನ ವಿಂಗಡಣೆ ಇನ್ನೂ ಬೇಗ ಬದಲಾಗುತ್ತದೆ, ಮೇಜು ಕುರ್ಚಿಗಳಂತೂ ದಿನವೂ. ಬೇಗ ಬದಲಾಗುವ ಪದರ ನಿಧಾನದ ಪದರದೊಳಗೆ ಹೂತುಹೋಗಬಾರದು ಎಂಬುದು ಇದರ ತಾತ್ಪರ್ಯ. ತಂತಿಯನ್ನು ಗಾರೆಯೊಳಗೆ ಹುದುಗಿಸಿದರೆ ಒಂದು ಸ್ವಿಚ್ ಸರಿಸಲೂ ಗೋಡೆ ಒಡೆಯಬೇಕು. ತೊಲೆಯ ಕೆಳಗೆ ತೆರೆದ ಹಾದಿಯಲ್ಲಿ ಹಾಯಿಸಿದರೆ ಊರಿನ ಎಲೆಕ್ಟ್ರಿಷಿಯನ್ ಅರ್ಧ ದಿನದಲ್ಲಿ ಬದಲಿಸುತ್ತಾನೆ. ತೊಲೆಗಳ ನಡುವೆ ಕಬ್ಬಿಣದ ಕೊಳವೆಗಳನ್ನು ಕಟ್ಟಿದರೆ ಪರದೆ, ಫಲಕ, ದೀಪ ಏನನ್ನಾದರೂ ತೂಗುಹಾಕಬಹುದು. ಫಲಕದ ತೂಕ ಇಬ್ಬರು ಎತ್ತುವಷ್ಟಿರಬೇಕು. ಯಂತ್ರ ಬೇಕಾದರೆ ಆ ಫಲಕ ಉದ್ಘಾಟನೆಯ ದಿನ ನಿಂತಲ್ಲೇ ಕೊನೆಯವರೆಗೂ ನಿಂತಿರುತ್ತದೆ. ತೀರ್ಪುಗಾರರು ಬಾಣದ ಮೇಲೆ ಬೆರಳಿಟ್ಟು ಕೇಳುವುದು ಇದನ್ನೇ.

ಸಮುದಾಯವೆಂದರೆ ಯಾರು?

ಅಳತೆ, ಬೆಳಕು ಹೊಂದಿದರೂ ಕೆಲಸ ಮುಗಿಯುವುದಿಲ್ಲ. ನೇಕಾರರ ಮ್ಯೂಸಿಯಂ ಎಂದಾಗ ಕಣ್ಣಮುಂದೆ ಬರುವುದು ಮಗ್ಗದಲ್ಲಿ ಕುಳಿತ ಗಂಡಸಿನ ಚಿತ್ರ. ಅವನಿಗೆ ಕಂಡಿಕೆ ಸುತ್ತಿಕೊಡುವ ಹೆಂಡತಿ, ಬಣ್ಣ ಹಾಕುವವರು, ಕೊಂಡಿ ಹಾಕಲು ಬರುವವರು, ನೂಲು ಕೊಟ್ಟು ಸೀರೆ ಒಯ್ಯುವ ಮಾಲೀಕರು, ವಿದ್ಯುತ್ ಮಗ್ಗಕ್ಕೆ ಹೊರಳಿದವರು, ಕಸುಬನ್ನೇ ಬಿಟ್ಟು ಬೆಂಗಳೂರು ಸೇರಿದವರು ಇವರೂ ಅದೇ ಸಮುದಾಯ. ಇವರ ನಡುವೆ ಸಾಲ, ಕೂಲಿ, ಜಾತಿಯ ಲೆಕ್ಕಾಚಾರಗಳಿರುತ್ತವೆ. ವಿದ್ಯಾರ್ಥಿನಿ ಮೊದಲ ಭೇಟಿಯಲ್ಲಿ ಊರಿನ ಪ್ರಮುಖರನ್ನಷ್ಟೇ ಮಾತನಾಡಿಸಿ ಮರಳಿದರೆ ಮ್ಯೂಸಿಯಂನಲ್ಲಿ ಮಾಲೀಕರ ಭಾವಚಿತ್ರಗಳೇ ತುಂಬಿಕೊಳ್ಳುತ್ತವೆ. ಕಂಡಿಕೆ ಸುತ್ತುವ ರಾಟೆಗೆ ಮಗ್ಗದಷ್ಟೇ ಒಳ್ಳೆಯ ಜಾಗವನ್ನು ನಕ್ಷೆಯಲ್ಲಿ ಗುರುತಿಸಬೇಕಾದರೆ ಮನೆಯೊಳಗಿನ ಹೆಂಗಸರ ಮಾತು ಕೇಳಿರಬೇಕು. ಎರಡು ಮೂರು ಭೇಟಿ ಅದಕ್ಕೆ ಸಾಲದು.

ಸಂಗ್ರಹದ ವಿಷಯದಲ್ಲೂ ಹೊಂದಾಣಿಕೆ ಬೇಕು. ಅಜ್ಜಿಯ ಮದುವೆ ಸೀರೆಯನ್ನು ಶಾಶ್ವತವಾಗಿ ದಾನ ಕೊಡಿ ಎಂದರೆ ಯಾರೂ ಕೊಡರು, ಕೊಡುವ ಅಗತ್ಯವೂ ಇಲ್ಲ. ಆರು ತಿಂಗಳಿಗೆ ಎರವಲು ಪಡೆದು, ರಸೀದಿ ಕೊಟ್ಟು, ಮೊಮ್ಮಗಳ ಮದುವೆಗೆ ಬೇಕೆಂದಾಗ ಹಿಂದಿರುಗಿಸುವ ಏರ್ಪಾಡು ಇರಬಹುದಲ್ಲ? ಹಾಗಿದ್ದರೆ ಪ್ರವೇಶದ್ವಾರದ ಬಳಿಯೇ ವಸ್ತುಗಳನ್ನು ಸ್ವೀಕರಿಸಿ, ಛಾಯಾಚಿತ್ರ ತೆಗೆದು, ದಾಖಲಿಸುವ ಒಂದು ಅಂಕಣ ಬೇಕು. ಜನರ ಕಣ್ಣೆದುರೇ ಆ ಕೆಲಸ ನಡೆದರೆ ನಂಬಿಕೆಯೂ ಬೆಳೆಯುತ್ತದೆ.

ಜನರೇ ಕೈಹಾಕಿ ಕಟ್ಟಿದ ಮ್ಯೂಸಿಯಂಗೆ ನಮ್ಮ ದೇಶದಲ್ಲಿ ದೊಡ್ಡ ನಿದರ್ಶನವಿದೆ. ಭೋಪಾಲ್‌ನ ಇಂದಿರಾ ಗಾಂಧಿ ರಾಷ್ಟ್ರೀಯ ಮಾನವ ಸಂಗ್ರಹಾಲಯದ ಬಯಲು ವಿಭಾಗದಲ್ಲಿ ವಿವಿಧ ಬುಡಕಟ್ಟುಗಳ ಜನರೇ ಬಂದು ತಂತಮ್ಮ ರೀತಿಯ ಮನೆಗಳನ್ನು ಕಟ್ಟಿದ್ದಾರೆ. ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಕಟ್ಟಿ ಬೆಳೆಸಿದ ಜಾನಪದ ಲೋಕವೂ ಒಂದೇ ಬೃಹತ್ ಕಟ್ಟಡವಲ್ಲ. ಲೋಕಮಾತಾ ಮಂದಿರ, ಚಿತ್ರ ಕುಟೀರ, ಲೋಕಮಹಲ್, ಬಯಲು ರಂಗಮಂದಿರ ಎಂದು ಹದಿನೈದು ಎಕರೆಯಲ್ಲಿ ಹರಡಿಕೊಂಡಿದೆ. ಹಾಡುವವರು ಬಂದರೆ ಹಾಡು, ಕುಣಿಯುವವರು ಬಂದರೆ ಕುಣಿತ. ಸರಿಯುವ ಗೋಡೆ ಅಲ್ಲಿ ಯಾರಿಗೂ ಬೇಕೆನಿಸಿದಂತಿಲ್ಲ.

ಕೀಲಿಗಳ ನಕ್ಷೆ

ಅಂತಿಮ ಮೌಲ್ಯಮಾಪನಕ್ಕೆ ವಿದ್ಯಾರ್ಥಿನಿ ಯಾವ ನಕ್ಷೆಗಳನ್ನು ಒಯ್ಯಬೇಕು? ಬಣ್ಣಬಣ್ಣದ ಕಂಪ್ಯೂಟರ್ ಚಿತ್ರಗಳಿರಲಿ, ಅವಕ್ಕೂ ಅಂಕವಿದೆ. ಜತೆಗೆ ಒಂದೇ ನಕ್ಷೆಯನ್ನು ಐದು ಸಲ ಬರೆದು ತರುವುದು ಒಳಿತು: ಸಾಮಾನ್ಯ ದಿನದ ಬೆಳಿಗ್ಗೆ, ಸಂಜೆಯ ಸಭೆ, ಮದುವೆ ತಿಂಗಳು, ಜಾತ್ರೆಯ ದಿನ, ಮತದಾನದ ದಿನ. ಪ್ರತಿಯೊಂದರಲ್ಲೂ ಯಾವ ಬಾಗಿಲು ತೆರೆದಿದೆ, ಯಾವುದು ಮುಚ್ಚಿದೆ, ಫಲಕಗಳು ಎಲ್ಲಿ ಪೇರಿಸಲ್ಪಟ್ಟಿವೆ, ಎಷ್ಟು ಜನ ಎಷ್ಟು ಹೊತ್ತಿನಲ್ಲಿ ಅದನ್ನು ಮಾಡಿದರು ಎಂದು ಬರೆದಿರಬೇಕು. ಐದರಲ್ಲಿ ಮೂರು ದಿನ ಉಗ್ರಾಣದೊಳಗಿಂದಲೇ ಶೌಚಾಲಯಕ್ಕೆ ಹೋಗಬೇಕಾಗಿ ಬಂದರೆ ವಿನ್ಯಾಸ ಎಡವಿದೆ ಎಂದರ್ಥ. ಬಾಡಿಗೆಯ ಆದಾಯ ಬೇಕಿರುವುದರಿಂದ ಮದುವೆಗೂ ಜಾಗ ಕೊಡಬೇಕಾಗಬಹುದು. ಅದನ್ನು ಪಡಸಾಲೆ ಮತ್ತು ಅಂಗಳಕ್ಕೆ ಸೀಮಿತಗೊಳಿಸಿ, ಅಡುಗೆಯ ಹೊಗೆ ಸೀರೆಗಳತ್ತ ಸುಳಿಯದಂತೆ ಗಾಳಿಯ ದಿಕ್ಕು ನೋಡಿ ಒಲೆಯ ಜಾಗ ಗುರುತಿಸುವುದು ವಾಸ್ತುಶಿಲ್ಪಿಯ ಕೆಲಸ.

ಇನ್ನೊಂದು ಹಾಳೆ ಕೀಲಿಗಳದ್ದು. ಪಡಸಾಲೆ ಮತ್ತು ಶೌಚಾಲಯಕ್ಕೆ ಬೀಗ ಬೇಡ, ಅದು ಬೀದಿಯವರಿಗೆ ಸೇರಿದ್ದು. ಮಗ್ಗದ ಅಂಕಣಗಳ ಕೀಲಿ ನೇಕಾರರ ಸಂಘದಲ್ಲಿ. ಸಭೆಯ ಅಂಕಣಗಳ ಕೀಲಿ ಎದುರಿನ ಮನೆಯಲ್ಲೋ ಪಕ್ಕದ ಅಂಗಡಿಯಲ್ಲೋ, ಸಂಜೆ ಏಳರ ನಂತರವೂ ಸಿಗುವಂತೆ. ಪ್ರದರ್ಶನ ಮತ್ತು ಉಗ್ರಾಣದ ಕೀಲಿಗಳು ಎರಡು, ಇಬ್ಬರ ಬಳಿ. ಒಬ್ಬರು ಸಂಘದವರು, ಮತ್ತೊಬ್ಬರು ವಸ್ತುಗಳನ್ನು ಎರವಲು ಕೊಟ್ಟ ಮನೆಗಳ ಪರವಾಗಿ ವರ್ಷಕ್ಕೊಮ್ಮೆ ಆಯ್ಕೆಯಾಗುವವರು.